ಮಾರಪ್ಪನ ಟೀ

ಮಾರಪ್ಪ ತೀರಿಕೊಂಡ ಹನ್ನೆರಡನೇ ದಿನ ಗುರುಬಸವರಾಜ್ ಮನೆಗೆ ಬಂದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದು, ಮೇಜಿನ ಮೇಲಿದ್ದ ಫೋಟೋಗೆ ಕೈ ಮುಗಿದು, ಕುರ್ಚಿಯ ತುದಿಗೆ ಕೂತರು. ನ್ಯಾಮತಿಯ ಬಸ್ ಸ್ಟ್ಯಾಂಡ್ ಹತ್ತಿರ ಅವರದ್ದು ಹಾರ್ಡ್‌ವೇರ್ ಅಂಗಡಿ. ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಬರುವವರಿಗೆಲ್ಲ ಅವರು ಒಂಥರಾ ಯಜಮಾನರಿದ್ದ ಹಾಗೆ.

“ಟೀ ವಿಷಯಕ್ಕೆ ಬಂದೆ ಅಂದ್ಕೋಬ್ಯಾಡ್ರಕ್ಕ,” ಅಂದರು. “ಸುಮ್ನೆ ಮಾತಾಡಿಸಿಕೊಂಡು ಹೋಗಾಣ ಅಂತ ಬಂದೆ.”

ಮಾರಪ್ಪನ ಹೆಂಡತಿ ಅಂಜಿನಮ್ಮ ತಲೆಯಾಡಿಸಿದಳು.

“ಆದ್ರೂ ನೋಡ್ರಿ, ಆರು ಗಂಟೆ ಆತು ಅಂದ್ರೆ ಎಲ್ರೂ ಆ ಹೊಂಗೆ ಮರದ ಕಡೀಗೇ ನೋಡ್ತಾರೆ. ಮಾರಣ್ಣ ಇಲ್ಲ ಅಂದ್ರೆ ಮನಸ್ಸು ಒಪ್ಪಲ್ಲ.”

“ಸೋಮವಾರದಿಂದ ತರ್ತೀನಿ ಬಿಡ್ರಿ,” ಅಂದಳು ಅಂಜಿನಮ್ಮ.

ಯಾಕೆ ಹಾಗಂದಳೋ ಅವಳಿಗೇ ತಿಳಿಯಲಿಲ್ಲ. ತಿಂಗಳೊಪ್ಪತ್ತು ಮಾಡಿ ನಿಲ್ಲಿಸಿದರಾಯಿತು ಅಂದುಕೊಂಡಳು. ಆಗ ಆಗಸ್ಟ್. ಮಾರ್ಚ್ ಬಂದರೂ ಅವಳು ನಾಲ್ಕೂವರೆಗೆ ಏಳುವುದು ತಪ್ಪಲಿಲ್ಲ.

ಮಾರಪ್ಪ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಚನ್ನಗಿರಿ, ನಲ್ಲೂರು, ಹೊನ್ನಾಳಿ ಅಂತ ತಿರುಗಿ, ಕೊನೆಗೆ ನ್ಯಾಮತಿಯಲ್ಲಿ ರಿಟೈರ್ ಆಗಿ ಎರಡು ರೂಮಿನ ಮನೆ ಕಟ್ಟಿಸಿದ್ದ. ಕಂಬ ಹತ್ತುವವನಿಗೆ ಮನೆಯಲ್ಲಿ ಕೂತು ಗೊತ್ತಿಲ್ಲ. ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗುತ್ತಿದ್ದ. ಒಂದು ದಿನ ಅಲ್ಲಿ ಶುಗರ್ ಇದ್ದ ಹಿರಿಯರೊಬ್ಬರು ಖಾಲಿ ಹೊಟ್ಟೆಯಲ್ಲಿ ನಾಲ್ಕು ಸುತ್ತು ಹಾಕಿ, ಕಣ್ಣು ಕತ್ತಲೆ ಬಂದು ಕುಸಿದರು. ಮಾರಪ್ಪ ಮನೆಗೆ ಓಡಿಬಂದು, ಒಲೆಯ ಮೇಲಿದ್ದ ಟೀಯನ್ನೇ ಲೋಟಕ್ಕೆ ಬಗ್ಗಿಸಿ, ಸಕ್ಕರೆ ಸುರಿದು, ಚೆಲ್ಲದ ಹಾಗೆ ಅಂಗೈ ಮುಚ್ಚಿಕೊಂಡು ಮತ್ತೆ ಓಡಿದ್ದ. ಆ ಮನುಷ್ಯ ಕುಡಿದು ಎದ್ದು ಕೂತರು. ಮಾರನೇ ದಿನ ಮಾರಪ್ಪ ಒಂದು ಫ್ಲಾಸ್ಕ್ ಒಯ್ದ. ಆಮೇಲೆ ಎರಡಾಯಿತು. ಆರು ತಿಂಗಳಲ್ಲಿ ನಲ್ಲಿ ಇರುವ ಸ್ಟೀಲ್ ಕ್ಯಾನ್ ಬಂತು, ಐವತ್ತು ಸ್ಟೀಲ್ ಲೋಟ ಬಂದವು. ಪೇಪರ್ ಕಪ್ ಪಾರ್ಕನ್ನ ಹೊಲಸು ಮಾಡುತ್ತದೆ ಅಂತ ಅವನ ಹಟ.

ಹೊಂಗೆ ಮರದ ಕೆಳಗೆ ಕ್ಯಾನ್ ಇಟ್ಟುಕೊಂಡು ಅವನು ನಿಲ್ಲುತ್ತಿದ್ದ. ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ. ಸಕ್ಕರೆ ಇಲ್ಲದ್ದು ಯಾರಿಗೆ, ಗಟ್ಟಿ ಯಾರಿಗೆ, ಅರ್ಧ ಲೋಟ ಯಾರಿಗೆ ಎಂದು ಅವನಿಗೆ ಬಾಯಿಪಾಠವಾಗಿತ್ತು. ಜನ ಅದನ್ನ ಮಾರಪ್ಪನ ಟೀ ಅನ್ನುತ್ತಿದ್ದರು. ನಾಲ್ಕೂವರೆಗೆ ಎದ್ದು ಶುಂಠಿ ಜಜ್ಜಿ, ಹಾಲು ಕಾಯಿಸಿ, ಟೀ ಇಳಿಸಿ ಸೋಸುವುದು ಅಂಜಿನಮ್ಮ. ಎಂಟು ಗಂಟೆಗೆ ಚೀಲ ತುಂಬ ಬಂದ ಲೋಟಗಳನ್ನ ತೊಳೆಯುವುದೂ ಅವಳೇ. ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳಲ್ಲ. ಗಂಡ ಮನೆಗೆ ಬಂದು, ಯಾರು ಏನಂದರು ಎಂದು ಒಂದೊಂದೇ ಹೇಳುತ್ತ ಚಿತ್ರಾನ್ನ ತಿನ್ನುವಾಗ ಅವನ ಮುಖ ನೋಡುವುದು ಅವಳಿಗೂ ಹಿತವಾಗಿರುತ್ತಿತ್ತು.

ಹೊನ್ನಾಳಿಗೆ ಪಿಂಚಣಿಯ ಕೆಲಸಕ್ಕೆ ಅಂತ ಹೋದವನು ಅಲ್ಲೇ ಬಸ್ಸಿನಿಂದ ಇಳಿಯುವಾಗ ಎದೆ ಹಿಡಿದುಕೊಂಡು ಕೂತ. ಅಷ್ಟೇ.

ಈಗ ಮಾಡುವುದೂ ಅವಳೇ, ಒಯ್ಯುವುದೂ ಅವಳೇ, ಕೊಡುವುದೂ ಅವಳೇ. ಗಂಡನ ಮೊಪೆಡ್ ಓಡಿಸಲು ಅವಳಿಗೆ ಬಾರದು. ನೀರಿನ ಕ್ಯಾನ್ ಎಳೆಯುವ ಸಣ್ಣ ಗಾಲಿಗಾಡಿಯ ಮೇಲೆ ಟೀ ಕ್ಯಾನ್ ಕಟ್ಟಿ, ಹೆಗಲಿಗೆ ಲೋಟದ ಚೀಲ ಹಾಕಿಕೊಂಡು, ಮೂರು ಅಡ್ಡರಸ್ತೆ ದಾಟಿ ಎಳೆದುಕೊಂಡು ಹೋಗುತ್ತಿದ್ದಳು. ಬಲ ಮಂಡಿ ಎರಡನೇ ಅಡ್ಡರಸ್ತೆಗೇ ಹಿಡಿದುಕೊಳ್ಳುತ್ತಿತ್ತು. ಗಂಡನ ಹಾಗೆ ಮಾತಾಡಿಸುವುದು ಅವಳಿಗೆ ಬರುತ್ತಿರಲಿಲ್ಲ. ಲೋಟ ತುಂಬಿಸುವುದು, ಚಾಚಿದ ಕೈಗೆ ಕೊಡುವುದು, ಮುಂದಿನ ಲೋಟ. ಜನ ಮಾತ್ರ ಕೈಲಾದಷ್ಟು ಒಳ್ಳೇ ಮಾತಾಡುತ್ತಿದ್ದರು. “ಮಾರಣ್ಣನ ಕೈರುಚಿ ಹಂಗೇ ಉಳಿಸೀರಿ ಅಕ್ಕ” ಎಂದು ಒಬ್ಬರು ಅಂದಾಗ ಅವಳು ನಕ್ಕು ಸುಮ್ಮನಾದಳು.

ಶಾಂತಲಾ ಅಂತ ಒಬ್ಬರು ನಿವೃತ್ತ ಟೀಚರ್ ಇದ್ದರು. ದಿನಾ ಬರುತ್ತಿದ್ದರು, ದಿನಾ ನಗುತ್ತಿದ್ದರು, “ಮನೇಲಿ ಕುಡಿದೇ ಬಂದೆ ಅಂಜಿನಮ್ಮ” ಅನ್ನುತ್ತಿದ್ದರು. ಅಂಜಿನಮ್ಮ ಮರುದಿನ ಮತ್ತೆ ಕೇಳುತ್ತಿದ್ದಳು, “ಅರ್ಧ ಲೋಟ ಕೊಡ್ಲಾ ಟೀಚರೇ?” ಮತ್ತೆ ಅದೇ ನಗು, ಅದೇ ಮಾತು. ಏಳು ತಿಂಗಳು ಹೀಗೇ ನಡೆಯಿತು.

ಮಗಳು ಅಂಬಿಕಾ ಜಗಳೂರಿನಲ್ಲಿದ್ದಳು. ಹತ್ತಿರದ ಹಳ್ಳಿಯ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಕೆಲಸ. ಗಂಡ ದುರುಗೇಶ್ ಬಸ್ ಡ್ರೈವರ್. ಎರಡನೆಯದಕ್ಕೆ ದಿನ ತುಂಬುತ್ತಿತ್ತು. ಮೊದಲನೇ ಮಗು ಸ್ಕೂಲಿಗೆ ಹೋಗುತ್ತಿದ್ದುದರಿಂದ ಅವಳು ತವರಿಗೆ ಬರುವ ಹಾಗಿರಲಿಲ್ಲ, ಅಂಜಿನಮ್ಮನೇ ಅಲ್ಲಿಗೆ ಹೋಗಿ ಬಾಣಂತನ ಮಾಡಬೇಕು ಅಂತ ಮಾತಾಗಿತ್ತು.

“ಈಗ್ಲೇ ಬಂದುಬಿಡವ್ವ,” ಎಂದು ಫೋನಿನಲ್ಲಿ ಅಂಬಿಕಾ ಎರಡು ಮೂರು ಸಲ ಹೇಳಿದಳು. “ಇವರು ನೈಟ್ ಡ್ಯೂಟಿಗೆ ಹೋದ್ರೆ ನಾನೊಬ್ಳೇ.”

“ಬರ್ತೀನವ್ವ. ಇನ್ನೂ ಮೂರು ವಾರ ಐತಲ್ಲ. ಪಾರ್ಕಿಂದು ಯಾರಿಗಾದ್ರೂ ಒಪ್ಪಿಸಿ ಬರ್ಬೇಕು.”

“ಅಪ್ಪನೇ ಹೋದ. ಟೀನೂ ಹೋಗ್ಲಿ ಬಿಡು.”

“ಹಂಗನ್ಬ್ಯಾಡ.”

ಯಾರಿಗಾದರೂ ಒಪ್ಪಿಸಬೇಕು ಎಂದು ಅವಳು ಪ್ರತಿದಿನವೂ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗುತ್ತಿದ್ದಳು. ಗುರುಬಸವರಾಜ್ ಎದುರು ನಿಂತರೆ ಅವರ ಲೋಟ ತುಂಬಿಸಿ ಕೊಟ್ಟು ಹಂಗೇ ವಾಪಸ್ ಬರುತ್ತಿದ್ದಳು. ಒಂದು ದಿನ ಇವಳು ಬಾಯಿ ತೆರೆಯುವ ಮೊದಲು ಅವರೇ ಶುರು ಮಾಡಿದರು.

“ಅಕ್ಕ, ನಾವೆಲ್ಲ ಸೇರಿ ಒಂದು ಯೋಚನೆ ಮಾಡೀವಿ. ಈ ಹೊಂಗೆ ಮರದ ಬುಡಕ್ಕೆ ಒಂದು ಕಲ್ಲು ಬೆಂಚು ಹಾಕ್ಸಾಣ, ಮಾರಣ್ಣನ ಹೆಸರು ಕೆತ್ತಿಸಿ. ಅವತ್ತು ತಹಶೀಲ್ದಾರ್ ಸಾಹೇಬ್ರನ್ನ ಕರೆಯಾಣ. ನಿಮ್ಗೊಂದು ಶಾಲು. ಆ ದಿನ ಒಂದು ನೂರೈವತ್ತು ಜನಕ್ಕೆ ಟೀ ಆಗ್ಬೇಕು ನೋಡ್ರಿ, ಆಗ್ತೈತಲ್ಲ?”

ನೂರೈವತ್ತು ಎಂದ ಕೂಡಲೇ ಅವಳು ಬಲ ಮಂಡಿಯನ್ನ ಒಮ್ಮೆ ಒತ್ತಿಕೊಂಡಳು. “ಆಗ್ತೈತೆ,” ಅಂದಳು.

ಮಾರ್ಚ್ ತಿಂಗಳ ಮೂರನೇ ಭಾನುವಾರ. ಭಾನುವಾರ ಜನ ಜಾಸ್ತಿ, ಆದ್ದರಿಂದ ಎಂಟು ಲೀಟರ್ ಇಟ್ಟಿದ್ದಳು. ಹಾಲು ಉಕ್ಕಲು ಬರುತ್ತಿದ್ದಾಗ ಫೋನ್ ಬಡಿದುಕೊಂಡಿತು. ಐದೂಕಾಲು.

“ಅವ್ವಾ, ಸಣ್ಣಗೆ ನೋಯ್ತಾ ಐತೆ,” ಅಂದಳು ಅಂಬಿಕಾ. “ಭಯ ಏನಿಲ್ಲ. ಇವರು ಬೆಂಗಳೂರಿಗೆ ಹೋಗ್ಯಾರೆ, ಮಧ್ಯಾಹ್ನಕ್ಕೆ ಬರ್ತಾರೆ. ನೀನು ಮೊದಲ್ನೇ ಬಸ್ಸಿಗೆ ಬಾ.”

“ಈಗ್ಲೇ ಹೊರಟೆ.”

ಅವಳು ಒಲೆ ಆರಿಸಿದಳು. ಬ್ಯಾಗಿಗೆ ಎರಡು ಸೀರೆ ತುರುಕಿದಳು. ಆರೂ ಹತ್ತಕ್ಕೆ ದಾವಣಗೆರೆಗೆ ನೇರ ಬಸ್ಸಿತ್ತು, ಅಲ್ಲಿಂದ ಜಗಳೂರಿಗೆ ಬೇಕಾದಷ್ಟು ಸಿಗುತ್ತವೆ. ಹತ್ತೂವರೆಯೊಳಗೆ ಮಗಳ ಹತ್ತಿರ ಇರಬಹುದು. ಚಪ್ಪಲಿ ಮೆಟ್ಟಿಕೊಂಡವಳು ಒಲೆಯ ಕಡೆ ತಿರುಗಿ ನೋಡಿದಳು. ಎಂಟು ಲೀಟರ್ ಹಾಲು. ಇನ್ನು ಸ್ವಲ್ಪ ಹೊತ್ತಿಗೆ ಜನ ಮರದ ಕೆಳಗೆ ನಿಲ್ಲುತ್ತಾರೆ. ಪಾರ್ಕಿನ ಮುಂದಿನಿಂದಲೇ ಬಸ್ ಸ್ಟ್ಯಾಂಡಿಗೆ ದಾರಿ. ಕ್ಯಾನ್ ಇಟ್ಟು, ಯಾರಿಗಾದರೂ ಒಪ್ಪಿಸಿ, ಹಂಗೇ ಹೋದರಾಯಿತು. ಅವಳು ಮತ್ತೆ ಒಲೆ ಹಚ್ಚಿದಳು.

ಪಾರ್ಕಿಗೆ ಬಂದಾಗ ಆರಕ್ಕೆ ಹತ್ತು ನಿಮಿಷ ಇತ್ತು. ಗುರುಬಸವರಾಜ್ ಆಗಲೇ ಒಬ್ಬ ಗಾರೆ ಮೇಸ್ತ್ರಿಯನ್ನ ಕರೆತಂದು ಮರದ ಬುಡ ಅಳೆಸುತ್ತಿದ್ದರು. “ಬರ್ರಕ್ಕ ಬರ್ರಿ, ನಿಮ್ಮನ್ನೇ ಕಾಯ್ತಿದ್ವಿ. ಹೆಸರು ಹೆಂಗೆ ಬರೆಸಾಣ? ದಿವಂಗತ ಮಾರಪ್ಪ ಅಂತ ಸಾಕೋ, ಲೈನ್‌ಮನ್ ಅಂತಾನೂ ಹಾಕ್ಸಾಣೋ?”

“ಹೆಂಗಾದ್ರೂ ಹಾಕ್ಸಿ,” ಅಂದಳು. ನನ್ನ ಮಗಳಿಗೆ ನೋವು ಬಂದೈತೆ, ನಾನು ಹೋಗ್ಬೇಕು. ಹೇಳಬೇಕಾಗಿದ್ದುದು ಇಷ್ಟೇ. ಅಷ್ಟರಲ್ಲಿ ಒಂದು ಕೈ ಮುಂದೆ ಬಂತು. ಅವಳು ಲೋಟ ತುಂಬಿಸಿ ಕೊಟ್ಟಳು. ಇನ್ನೊಂದು ಕೈ ಬಂತು. ಕೊಟ್ಟಳು. ಹಿಂದಿನ ವಾರ ಬಾರದೇ ಇದ್ದವರೊಬ್ಬರು ಯಾಕೆ ಬರಲಿಲ್ಲ ಎಂದು ಹೇಳಲು ಶುರು ಮಾಡಿದರು. ಅವಳು ಹೂಂ ಹೂಂ ಅನ್ನುತ್ತ ನಲ್ಲಿ ತಿರುಗಿಸಿದಳು. ಇವರೊಬ್ಬರದ್ದು ಆಗಲಿ, ಆಮೇಲೆ ಹೇಳುತ್ತೇನೆ. ಇವರೊಬ್ಬರದ್ದು. ಕೈಗಳು ಬರುತ್ತಲೇ ಇದ್ದವು. ರಸ್ತೆಯಲ್ಲಿ ದಾವಣಗೆರೆ ಬಸ್ಸು ಹಾರ್ನ್ ಹಾಕುತ್ತ ಹೋದದ್ದು ಕೇಳಿಸಿತು. ಅವಳು ತಲೆ ಎತ್ತಿ ನೋಡಿದಳು. ಕೈಯಲ್ಲಿದ್ದ ಲೋಟ ತುಂಬಿ ಚೆಲ್ಲಿ ಬೆರಳು ಸುಟ್ಟಿತು.

“ಯಾಕಕ್ಕ? ಏನಾತು?” ಅಂದರು ಗುರುಬಸವರಾಜ್.

“ನನ್ನ ಮಗಳಿಗೆ ನೋವು ಶುರುವಾಗೈತೆ. ಜಗಳೂರಾಗೆ.”

“ಯಾವಾಗ?”

“ಐದೂಕಾಲಿಗೆ ಫೋನ್ ಬಂದಿತ್ತು.”

ಎಲ್ಲರೂ ಒಂದೇ ಸಲ ಮಾತಾಡಿದರು. ಅಯ್ಯೋ ಮೊದ್ಲೇ ಹೇಳಬಾರದಾ, ಯಾರು ಟೀ ಕೇಳಿದ್ರು ನಿಮ್ಮನ್ನ, ಇದೆಂಥಾ ಮಾತಕ್ಕ. ಗುರುಬಸವರಾಜ್ ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು, ಆ ಬಸ್ಸನ್ನ ಹೊನ್ನಾಳಿಯಲ್ಲಾದರೂ ಹಿಡಿಯೋಣ ಎಂದು ಓಡಿಸಿದರು. ಹೊನ್ನಾಳಿಯಲ್ಲೂ ಅದು ಸಿಗಲಿಲ್ಲ. ಮುಂದಿನ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಅದು ಹಳ್ಳಿಹಳ್ಳಿಗೂ ನಿಂತು ಹೋಗುವ ಬಸ್ಸು. ದಾವಣಗೆರೆಯ ಹತ್ತಿರ ಹತ್ತಿರ ಬಂದಾಗ ಅಂಬಿಕಾಗೆ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಆ ಬಸ್ಸಿನಲ್ಲಿ ಅವಳು ಒಂದು ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ಸುಟ್ಟ ಬೆರಳುಗಳನ್ನ ಬಾಯಲ್ಲಿಟ್ಟುಕೊಂಡು ಕೂತಿದ್ದಳು.

ಬೀಗ ಹಾಕಿದ್ದ ಮಗಳ ಮನೆ ನೋಡಿ ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ ಹನ್ನೆರಡೂವರೆ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಪಕ್ಕದ ಮನೆಯ ಉಚ್ಚಂಗಮ್ಮ ಅಂಬಿಕಾಳ ಮಗನನ್ನ ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅಂಜಿನಮ್ಮನನ್ನ ನೋಡಿದವಳೇ, “ಈಗ ಬಂದ್ರಾ?” ಅಂದಳು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಆಯಾಸ ಇತ್ತು.

ನೋವು ಏಳು ಗಂಟೆಗೇ ಜೋರಾಗಿ, ಉಚ್ಚಂಗಮ್ಮನೇ ಆಟೋ ತಂದು ಕರೆದುಕೊಂಡು ಬಂದಿದ್ದಳು. ಒಂಬತ್ತಕ್ಕೆ ಹೆಣ್ಣು ಮಗು ಆಯಿತು. ಮಗು ಗಟ್ಟಿಯಾಗಿತ್ತು. ಆದರೆ ಅಂಬಿಕಾಗೆ ರಕ್ತ ನಿಲ್ಲಲಿಲ್ಲ. ಜೊತೆಗೆ ಯಾರು ಬಂದೀರಿ ಎಂದು ನರ್ಸ್ ಮೂರು ಸಲ ಹೊರಗೆ ಬಂದು ಕೇಳಿದರಂತೆ. ನಾನು ಪಕ್ಕದ ಮನೆಯೋಳು ಎಂದು ಉಚ್ಚಂಗಮ್ಮ ಮೂರು ಸಲವೂ ಹೇಳಿದ್ದಳು. ಮೂರನೇ ಸಲ ಅವಳೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಎರಡು ಬಾಟಲಿ ರಕ್ತ ಹಾಕಿ, ಹನ್ನೊಂದರ ಹೊತ್ತಿಗೆ ಎಲ್ಲ ಹತೋಟಿಗೆ ಬಂತು.

ಅಂಜಿನಮ್ಮ ಒಳಗೆ ಹೋದಳು. ಅಂಬಿಕಾಳ ಮುಖ ಬೂದಿ ಬಳಿದ ಹಾಗಿತ್ತು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣು ಬಿಟ್ಟು ತಾಯಿಯನ್ನ ನೋಡಿದಳು. ಸುಮಾರು ಹೊತ್ತು ನೋಡಿದಳು.

“ಎಲ್ರದೂ ಟೀ ಆತೇನವ್ವ?” ಅಂದಳು.

ಅಂಜಿನಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಳುವಷ್ಟು ಶಕ್ತಿಯೂ ಇರಲಿಲ್ಲ.

ಅಂದಿನಿಂದ ಮೂರು ತಿಂಗಳು ಅವಳು ಜಗಳೂರಿನಲ್ಲೇ ಉಳಿದಳು. ಕೆಲಸಕ್ಕೆ ಅಲ್ಲೂ ಕೊನೆ ಇರಲಿಲ್ಲ. ಬೆಳಿಗ್ಗೆ ಹಂಡೆಗೆ ನೀರು ಕಾಯಿಸುವುದು, ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಮಗುವನ್ನ ಕಾಲ ಮೇಲೆ ಹಾಕಿಕೊಂಡು ಎರೆಯುವುದು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬಟ್ಟೆ, ಮೊಮ್ಮಗನ ಡಬ್ಬಿ. ಏಪ್ರಿಲ್ ಬಿಸಿಲಿಗೆ ತಾರಸಿ ಕಾದು ಮಧ್ಯಾಹ್ನ ಒಳಗೆ ಕೂರಲು ಆಗುತ್ತಿರಲಿಲ್ಲ. ದುರುಗೇಶ್ ಒಳ್ಳೆಯವನು, ಡ್ಯೂಟಿಯಿಂದ ಬಂದವನೇ ಬಕೆಟ್ ಹಿಡಿದು ಬಟ್ಟೆ ಹಿಂಡಿ ಹಾಕುತ್ತಿದ್ದ. ಅಂಬಿಕಾ ಬೇಕಾದಷ್ಟೇ ಮಾತಾಡುತ್ತಿದ್ದಳು. ನೀರು ಕೊಡವ್ವ. ಮಗು ಎತ್ಕೋ. ಸಾಕು.

ಮೊದಲ ವಾರ ನ್ಯಾಮತಿಯಿಂದ ದಿನಾ ಫೋನ್ ಬಂತು. ತಾಯಿ ಮಗು ಹೆಂಗದಾರೆ ಎಂದು ಗುರುಬಸವರಾಜ್ ವಿಚಾರಿಸಿದರು. ಆಮೇಲೆ, “ಅಕ್ಕ, ಆರು ಲೀಟರಿಗೆ ಪುಡಿ ಎಷ್ಟು ಹಾಕ್ತಿದ್ರಿ? ನಾವೇ ಪಾಳಿ ಮೇಲೆ ಮಾಡ್ತಾ ಇದೀವಿ,” ಅಂದರು. ಅವಳು ಹೇಳಿದಳು. ಎರಡು ದಿನ ಬಿಟ್ಟು ಇನ್ನೊಬ್ಬರು ಫೋನ್ ಮಾಡಿದರು. ಶುಂಠಿ ಹಾಕಿದರೆ ಹಾಲು ಒಡೆಯುತ್ತದಂತೆ. “ಶುಂಠಿ ನೀರಾಗೆ ಮೊದ್ಲು ಚೆನ್ನಾಗಿ ಕುದಿಸ್ರಿ, ಹಾಲು ಆಮೇಲೆ,” ಎಂದು ಅವಳು ಮಗುವನ್ನ ಹೆಗಲ ಮೇಲೆ ತಟ್ಟುತ್ತ ಹೇಳಿದಳು. ಬಚ್ಚಲಲ್ಲಿದ್ದ ಅಂಬಿಕಾಗೆ ಅದು ಕೇಳಿಸಿತು. ಅವಳು ನಲ್ಲಿಯನ್ನ ಇನ್ನಷ್ಟು ಜೋರಾಗಿ ತಿರುಗಿಸಿದಳು. ತಿಂಗಳ ಕೊನೆಗೆ ಫೋನ್ ಕಡಿಮೆಯಾದವು. ಆಮೇಲೆ ನಿಂತವು.

ಮೇ ತಿಂಗಳ ಒಂದು ಮಧ್ಯಾಹ್ನ ಮಗು ಮಲಗಿತ್ತು. ಅಂಬಿಕಾ ಗೋಡೆಗೆ ಒರಗಿ ಕೂತಿದ್ದಳು, ಅಂಜಿನಮ್ಮ ಅವಳ ತಲೆಗೆ ಎಣ್ಣೆ ಹಾಕುತ್ತಿದ್ದಳು. ಮುಖ ಆ ಕಡೆ ಇದ್ದುದಕ್ಕೋ ಏನೋ, ಅಂಬಿಕಾ ಕೇಳಿದಳು.

“ಅವತ್ತು ಯಾಕವ್ವ ಹಂಗೆ ಮಾಡಿದೆ?”

ಅಂಜಿನಮ್ಮನ ಬೆರಳು ನಿಂತವು. “ಗೊತ್ತಿಲ್ಲ.”

“ಅಪ್ಪನ ಹೆಸರು ಉಳೀಲಿ ಅಂತಾನಾ?”

“ಅಲ್ಲ.” ಅವಳು ಮತ್ತೆ ಎಣ್ಣೆ ತಟ್ಟತೊಡಗಿದಳು. “ನಿಂಗೆ ಆ ಹಳ್ಳಿ ಸ್ಕೂಲು ನೆನಪೈತಾ? ನಾನು ಬಿಸಿಯೂಟ ಮಾಡಾಕೆ ಸೇರಿದ್ದು?”

“ಎರಡನೇ ಕ್ಲಾಸಾಗಿದ್ದೆ.”

“ಮೊದಲ್ನೇ ದಿನ ಇಪ್ಪತ್ತು ಸೇರು ಅಕ್ಕಿ ಅನ್ನ ಮಾಡಿದ್ದೆ. ನಮ್ಮ ಕೇರಿ ಹುಡುಗ್ರು ಹನ್ನೊಂದು ಜನ ಕೂತ್ರು. ಉಳಿದೋರೆಲ್ಲ ಮನೆಯಿಂದ ಡಬ್ಬಿ ತಂದಿದ್ರು. ಆ ಕೇರಿಯೋರು ಮಾಡಿದ್ದು ತಿನ್ನಬ್ಯಾಡ್ರಿ ಅಂತ ಮನೇಲಿ ಹೇಳಿ ಕಳ್ಸಿದ್ರು. ಹೆಡ್‌ಮಾಸ್ಟ್ರು ಏನೂ ಮಾಡಾಕೆ ಆಗ್ಲಿಲ್ಲ. ಒಂದು ವರ್ಷ ಹಂಗೇ ನಡೀತು. ದಿನಾ ಮಾಡ್ತಿದ್ದೆ, ದಿನಾ ಉಳೀತಿತ್ತು. ಸಂಜೆ ಒಯ್ದು ಹಳ್ಳಕ್ಕೆ ಸುರೀತಿದ್ದೆ.”

ಅಂಬಿಕಾ ತಿರುಗಿ ಕೂತಳು. “ನಂಗೆ ದಿನಾ ಎರಡೆರಡು ಸಲ ಬಡಿಸ್ತಿದ್ದೆ,” ಅಂದಳು ಮೆಲ್ಲಗೆ. “ನಂಗೆ ಖುಷಿ ಆಗ್ತಿತ್ತು. ಉಳಿದಿದ್ದಕ್ಕೆ ಅಂತ ಗೊತ್ತೇ ಇರಲಿಲ್ಲ.”

“ಆಮೇಲೆ ಎಲ್ಲ ಸರಿ ಹೋತು ಅನ್ನು. ಹದಿನೆಂಟು ವರ್ಷ ಮಾಡಿದೆ, ಎಲ್ರೂ ತಿಂದ್ರು. ಆದ್ರೂ ಆ ಒಂದು ವರ್ಷ ಒಳಗಿಂದ ಹೋಗ್ಲಿಲ್ಲ ನೋಡು. ನಿಮ್ಮಪ್ಪ ಸತ್ತ ಮ್ಯಾಲೆ ನಾನೇ ಕ್ಯಾನ್ ಹತ್ರ ನಿಂತ್ಕೊಂಡ್ನಲ್ಲ, ಎಲ್ಲಾ ಥರದ ಜನ ಕೈ ಚಾಚ್ತಿದ್ರು. ನನ್ನ ಕೈಯಿಂದ ತಗೊಂಡು ನನ್ನ ಎದುರಿಗೇ ಕುಡೀತಿದ್ರು. ಅದು ಬಿಡಾಕೆ ಆಗ್ಲಿಲ್ಲವ್ವ. ಮೈ ಸೋತಿತ್ತು, ಮಂಡಿ ಸೋತಿತ್ತು, ಬ್ಯಾಡ ಅನ್ಸಿತ್ತು. ಆದ್ರೂ ಒಂದಿನ ನಿಲ್ಸಿದ್ರೆ ಎಲ್ಲಾ ಹಳೇದೇ ಆಗಿಬಿಡ್ತೈತೆ ಅನ್ನೋ ಹಂಗೆ. ಅಲ್ಲೊಬ್ರು ಟೀಚರಮ್ಮ, ಒಂದಿನಾನೂ ಕುಡೀಲಿಲ್ಲ. ನಿಜವಾಗ್ಲೂ ಮನೇಲೇ ಕುಡಿದು ಬರ್ತಿದ್ರೇನೋ. ಇರಬಹುದು. ದಿನಾ ಕೇಳ್ತಿದ್ದೆ ನಾನು. ಇವತ್ತು ಕುಡೀತಾರಾ, ಇವತ್ತು ಕುಡೀತಾರಾ ಅಂತ. ಅದೇ ಒಂದು ಸುಸ್ತು.”

ಅಂಬಿಕಾ ತಾಯಿಯ ಎಣ್ಣೆಗೈಯನ್ನ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. “ನಾನು ಅವತ್ತು ಸಾಯ್ತಿದ್ದೆ ಅನ್ಸಿತ್ತು,” ಅಂದಳು. “ಅದನ್ನ ಈಗ್ಲೇ ಮರಿ ಅಂದ್ರೆ ಮರೆಯಾಕೆ ಆಗಲ್ಲ ನಂಗೆ.”

“ಮರೀಬ್ಯಾಡ.”

“ಆದ್ರೆ ನೀನು ಹೋಗಿ ಆ ಟೀ ನಿಲ್ಸು. ಅವರಿಗಾಗಿ ಅಲ್ಲ, ನನಗಾಗೀನೂ ಅಲ್ಲ.”

ಅಂದು ಸಂಜೆ ಅಂಬಿಕಾ ತಾನೇ ಎದ್ದು, ತಾಯಿ ಬೇಡ ಅಂದರೂ ಕೇಳದೆ, ಎರಡು ಲೋಟ ಕಾಫಿ ಮಾಡಿ ತಂದಳು. ಸಕ್ಕರೆ ಜಾಸ್ತಿಯಾಗಿತ್ತು. ಅಂಜಿನಮ್ಮ ಪೂರ್ತಿ ಕುಡಿದಳು.

ಜೂನ್ ಮಧ್ಯಕ್ಕೆ ಅವಳು ಹೊರಟಳು. ದಾವಣಗೆರೆಯಿಂದ ನ್ಯಾಮತಿಯವರೆಗೂ ಕಿಟಕಿಯ ಪಕ್ಕ ಕೂತು ಒಂದೇ ಮಾತನ್ನ ಕಟ್ಟುತ್ತಿದ್ದಳು. ನೋಡ್ರಿ, ನನಗೆ ವಯಸ್ಸಾತು, ಮಂಡಿ ನೋವು, ನೀವೆಲ್ಲ ಬೇಜಾರು ಮಾಡ್ಕೋಬ್ಯಾಡ್ರಿ. ಅಲ್ಲ, ಬೇಜಾರಿನ ಮಾತು ಮೊದಲೇ ಬೇಡ. ಅವರು ಬಲವಂತ ಮಾಡಿದರೆ ಏನನ್ನಬೇಕು, ಮಾರಣ್ಣನ ಹೆಸರು ಹೇಳಿದರೆ ಏನನ್ನಬೇಕು, ಅಳು ಬಂದರೆ ಏನು ಮಾಡಬೇಕು. ಹೊನ್ನಾಳಿ ಸೇತುವೆ ದಾಟುವಾಗ ತುಂಗಭದ್ರೆಯಲ್ಲಿ ಹೊಸ ನೀರು ಕೆಂಪಗೆ ಹರಿಯುತ್ತಿತ್ತು. ಅದನ್ನೂ ಅವಳು ಸರಿಯಾಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಪಾರ್ಕಿಗೆ ಹೋದಳು. ರಾತ್ರಿ ಮಳೆಯಾಗಿ ಕಲ್ಲುಹಾಸು ಜಾರುತ್ತಿತ್ತು. ಹೊಂಗೆ ಮರದ ಕೆಳಗೆ ಕಲ್ಲು ಬೆಂಚು ಬಂದಿತ್ತು. ಅದರ ಮೇಲೆ ಗಂಡನ ಹೆಸರನ್ನ ಚೆಂದವಾಗಿ ಕೆತ್ತಿದ್ದರು. ಟೀ ಎಲ್ಲೂ ಇರಲಿಲ್ಲ. ಪಾರ್ಕ್ ಗುಡಿಸುವ ಅಂತರಘಟ್ಟಮ್ಮ ಒದ್ದೆ ಎಲೆಗಳನ್ನ ಒಂದು ಕಡೆ ಎಳೆಯುತ್ತಿದ್ದಳು. ಅಂಜಿನಮ್ಮನನ್ನ ಕಂಡು ಪೊರಕೆ ಒರಗಿಸಿ ಬಂದಳು.

“ಯಾವಾಗ ಬಂದಿ ಅಕ್ಕ? ಮಗು ಹೆಂಗೈತೆ?”

“ಚೆನ್ನಾಗೈತೆ. ಇವರು ಟೀ ಮಾಡ್ತಿಲ್ವಾ?”

“ಮೂರು ವಾರ ಮಾಡಿದ್ರು. ಆಮೇಲೆ ಬೆಲ್ಲ ಹಾಕ್ಬೇಕು, ಸಕ್ಕರೆ ಹಾಕ್ಬೇಕು ಅಂತ ತಮ್ತಮ್ಮಲ್ಲೇ ಮುನಿಸಿಕೊಂಡ್ರು. ಈಗ ಬಸ್ ಸ್ಟ್ಯಾಂಡ್ ಹೋಟೆಲಿಗೆ ಹೋಗ್ತಾರೆ.” ಅವಳು ಸೆರಗಿನಿಂದ ಬೆಂಚು ಒರೆಸಿದಳು. “ಒಂದು ಮಾತು ಹೇಳ್ಲಾ? ಆ ಮೂರು ವಾರ ಅವರು ನಂಗೂ ಎಲ್ರ ಜೊತೇಲೇ ಬಿಸೀದು ಕೊಟ್ರು. ನೀನು ಎಲ್ರದೂ ಆದ ಮ್ಯಾಲೆ ಉಳಿದಿದ್ದು ಕೊಡ್ತಿದ್ದಿ. ತಣ್ಣಗಾಗಿರ್ತಿತ್ತು.”

ಅವಳ ದನಿಯಲ್ಲಿ ಜಗಳವಿರಲಿಲ್ಲ, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದ್ದಳು. ಅಂಜಿನಮ್ಮನಿಗೆ ಕಿವಿ ಬಿಸಿಯಾಯಿತು. ಅಂತರಘಟ್ಟಮ್ಮ ತಮ್ಮ ಜನದವಳೇ. ಬೇಡ ಎಂದ ಒಬ್ಬ ಟೀಚರನ್ನ ದಿನಾ ಲೆಕ್ಕ ಇಟ್ಟವಳು, ಕೊಟ್ಟಷ್ಟು ಕುಡಿದ ಇವಳನ್ನ ಒಂದು ದಿನವೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಗೊತ್ತಾಗ್ಲಿಲ್ಲ ನಂಗೆ,” ಅಂದಳು. “ತಪ್ಪಾತು.”

“ಹೋಗ್ಲಿ ಬಿಡು,” ಎಂದು ಅಂತರಘಟ್ಟಮ್ಮ ಪೊರಕೆ ಎತ್ತಿಕೊಂಡಳು.

ಗುರುಬಸವರಾಜ್ ಎರಡನೇ ಸುತ್ತು ಮುಗಿಸಿ ಬರುತ್ತಿದ್ದರು. ಇವಳನ್ನ ನೋಡಿ ದೂರದಿಂದಲೇ ಕೈ ಎತ್ತಿದರು. ಹತ್ತಿರ ಬಂದು, ಮಗು ಹೆಂಗೈತೆ, ಹೆಸರೇನಿಟ್ರು, ಬೆಂಚು ನೋಡಿದ್ರಾ ಎಂದು ಕೇಳಿದರು. ತಹಶೀಲ್ದಾರರು ಬರಲಿಲ್ಲವಂತೆ, ನಾವೇ ತೆಂಗಿನಕಾಯಿ ಒಡೆದು ಮುಗಿಸಿದೆವು ಅಂದರು. ಅಂಜಿನಮ್ಮ ಎಲ್ಲಕ್ಕೂ ಉತ್ತರ ಕೊಟ್ಟು, ಉಸಿರು ಎಳೆದುಕೊಂಡಳು.

“ಗುರುಬಸವಣ್ಣಾರೆ, ಇನ್ನು ಮ್ಯಾಲೆ ಟೀ ಮಾಡಾಕೆ ನನ್ನ ಕೈಲಿ ಆಗಲ್ಲ.”

“ಅಯ್ಯ, ಬಿಡ್ರಕ್ಕ,” ಅಂದರು ಅವರು, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ. “ಅದಕ್ಯಾಕೆ ಇಷ್ಟು ಯೋಚನೆ ಮಾಡ್ತೀರಿ. ನೀವು ಆಗ್ಲೇ ಒಂದು ಮಾತು ಅಂದಿದ್ರೂ ಆಗ್ತಿತ್ತಲ್ಲ. ನಮ್ಗೂ ಈಗ ಹೋಟೆಲಿಂದೇ ರೂಢಿ ಆಗೈತೆ. ಸರಿ, ಇನ್ನೆರಡು ಸುತ್ತು ಐತೆ.” ನಕ್ಕು ಹೊರಟೇಹೋದರು.

ಅವಳು ಅಲ್ಲೇ ನಿಂತಿದ್ದಳು. ಬಲವಂತ ಮಾಡಿದರೆ ಹೇಳಲೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಬಾಯಲ್ಲೇ ಉಳಿಯಿತು. ಇಷ್ಟೇನಾ? ಇಷ್ಟಕ್ಕಾ? ಮೊದಲು ಸಿಟ್ಟು ಬಂತು. ಒಂದು ಸಲವಾದರೂ ಹಂಗನ್ಬ್ಯಾಡ್ರಿ ಎಂದು ಅವರು ಅನ್ನಬಾರದಿತ್ತೇ ಅನ್ನಿಸಿತು. ಆಮೇಲೆ ಆ ಸಿಟ್ಟೂ ನಿಲ್ಲಲಿಲ್ಲ. ಏಳು ತಿಂಗಳ ದಣಿವು ಒಟ್ಟಿಗೆ ಕಾಲಿಗೆ ಇಳಿದಂತಾಗಿ, ಅವಳು ಬೆಂಚಿನ ತುದಿ ಹಿಡಿದು ಕೂತಳು. ಕಲ್ಲು ತಣ್ಣಗಿತ್ತು. ಜನ ಬಂದರು, ಮಾತಾಡಿಸಿದರು, ಹೋದರು. ಯಾರೂ ಟೀ ಕೇಳಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಸೀರೆಯನ್ನೂ ಬದಲಿಸದೆ ಚಾಪೆ ಹಾಸಿ ಮಲಗಿದಳು. ಎಚ್ಚರವಾದಾಗ ಹನ್ನೊಂದೂವರೆ. ಬೆಳಕಿರುವಾಗ ಅಷ್ಟು ಹೊತ್ತು ಅವಳು ಯಾವತ್ತೂ ಮಲಗಿದವಳಲ್ಲ. ಫೋನಿನಲ್ಲಿ ಅಂಬಿಕಾಳ ನಾಲ್ಕು ಕಾಲ್ ಇದ್ದವು. ಗಾಬರಿಯಿಂದ ತಿರುಗಿ ಮಾಡಿದಳು.

“ಏನಿಲ್ಲವ್ವ, ಸುಮ್ನೆ ಮಾಡಿದ್ದೆ,” ಅಂದಳು ಅಂಬಿಕಾ. “ಹೇಳಿದ್ಯಾ?”

“ಹೇಳಿದೆ.”

“ಏನಂದ್ರು?”

“ಏನೂ ಅನ್ಲಿಲ್ಲ. ಬಿಡ್ರಿ ಅಂದ್ರು.”

ಆ ಕಡೆ ಮಗು ಎಲ್ಲೋ ಹತ್ತಿರದಲ್ಲೇ ಊಂ ಊಂ ಅನ್ನುತ್ತಿತ್ತು.

“ಊಟ ಮಾಡ್ದ್ಯಾ?”

“ಇಲ್ಲ. ಮಲಗಿದ್ದೆ.”

“ಹಂಗಾದ್ರೆ ಇನ್ನೊಂದು ಸ್ವಲ್ಪ ಮಲಗವ್ವ,” ಅಂದಳು ಅಂಬಿಕಾ.

ಅಂಜಿನಮ್ಮ ಫೋನ್ ಪಕ್ಕಕ್ಕಿಟ್ಟು, ಮಂಡಿಯ ಕೆಳಗೆ ಒಂದು ದಿಂಬು ಒತ್ತಿಕೊಂಡು, ಮತ್ತೆ ಮಗ್ಗುಲಾದಳು.